ಯೇಸುವಿನ ಹಣೆಯ ವಿಭೂತಿ

ಒಣಗಿದ ಕಾಯಿಯ ಚಿಪ್ಪೊಡೆದು ಕೊಬ್ಬರಿ ಬಿಡಿಸುವಾಗ ಏಳುವ ಆ ಸಿಹಿಯಾದ ಜಿಡ್ಡು ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ನಾನು ತಿಪಟೂರಿನ ದೊಡ್ಡಪ್ಪನ ಮನೆಯಲ್ಲಿರುತ್ತೇನೆ. ಆ ಹೆಂಚಿನ ಮನೆ ಈಗಿಲ್ಲ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಗೋಡೆಯಾಚೆ ರುದ್ರಣ್ಣನ ಕೊಬ್ಬರಿ ಮಂಡಿ, ಈಚೆ ದೊಡ್ಡಪ್ಪನ ಬರವಣಿಗೆ. ನಮ್ಮದು ಕ್ರೈಸ್ತರ ಮನೆ. ಸ್ಕೂಲ್ ಮೇಷ್ಟ್ರಾಗಿದ್ದ ಅವರು ಮೊದಲು ಕತೆ ಬರೆದರು, ಆಮೇಲೆ ಬಾಡಿಗೆ ಕ್ಯಾಮೆರಾ ತಂದು ಸಿನಿಮಾ ತೆಗೆಯತೊಡಗಿದರು. ಅವರ ಪುಸ್ತಕ ನೋಡಿ ಊರವರು ಇದು ಕ್ರೈಸ್ತರಿಗೆ ಅಂದರು, ಕ್ರೈಸ್ತರು ಇದರಲ್ಲಿ ಬರೀ ತೆಂಗಿನ ತೋಟವೇ ಇದೆಯಲ್ಲ ಅಂದರು. ಯಾರೂ ಓದದಿದ್ದರೂ ದೊಡ್ಡಪ್ಪ ನಿಲ್ಲಿಸಲಿಲ್ಲ, ಅಂಥ ಮೊಂಡರು.

ಯೇಸುವಿನ ಕತೆಯನ್ನು ನಮ್ಮ ಸೀಮೆಯಲ್ಲೇ ನಡೆದಂತೆ ತೆಗೆದರು. ಯೇಸುವಿನ ಪಾತ್ರ ರುದ್ರಣ್ಣನದು. ನಮ್ಮ ಬೀದಿಯಲ್ಲಿ ಗಡ್ಡವಿದ್ದವನು ಅವನೊಬ್ಬನೇ. ಯೇಸು ಶಿಷ್ಯರ ಜೊತೆ ಉಣ್ಣುವ ಕಡೆಯ ಊಟದ ದೃಶ್ಯಕ್ಕೆ ದಂಡಿನಶಿವರದ ತೋಟ. ರೊಟ್ಟಿಯ ಬದಲು ರಾಗಿಮುದ್ದೆ, ದ್ರಾಕ್ಷಾರಸದ ಬದಲು ಎಳನೀರು. ಎಂದಿನಂತೆ ಸ್ನಾನ, ಲಿಂಗಪೂಜೆ ಮುಗಿಸಿ ಬಂದ ರುದ್ರಣ್ಣನ ಹಣೆಯಲ್ಲಿ ವಿಭೂತಿ ಹಾಗೇ ಉಳಿದಿತ್ತು. ದಿನಾ ನೋಡುವ ಮುಖ, ನಮಗ್ಯಾರಿಗೂ ಅದು ಕಾಣಲೇ ಇಲ್ಲ. ತೋರಿಸುವ ಮುಂಚೆ ಒಮ್ಮೆ ನೋಡಿದ ಚರ್ಚಿನ ಹಿರಿಯರಿಗೆ ಕಂಡಿತು. ಆ ದೃಶ್ಯ ಕತ್ತರಿಸಿದರೆ ಮಾತ್ರ ಕ್ರಿಸ್‌ಮಸ್ಸಿಗೆ ತೋರಿಸುತ್ತೇವೆ ಎಂದರು. ರುದ್ರಣ್ಣ ಮುಖ ಸಣ್ಣದು ಮಾಡಿಕೊಂಡು ಬಂದ.

"ತೆಗೆದ್ಬುಡಿ ಮೇಷ್ಟ್ರೇ, ನನ್ನಿಂದ ನಿಮ್ ಕೆಲ್ಸ ಕೆಡೋದು ಬ್ಯಾಡ."

"ಹಣೆ ಒರೆಸ್ಕೊಂಡು ಬಾ ಅಂತ ಯೇಸುಸ್ವಾಮಿ ಯಾರಿಗೂ ಹೇಳ್ಲಿಲ್ಲ ಕಣಪ್ಪ," ಅಂದರು ದೊಡ್ಡಪ್ಪ.

ಚರ್ಚಿನಲ್ಲಿ ಸಿನಿಮಾ ಹಾಕಲಿಲ್ಲ. ಹಬ್ಬದ ಸಂಜೆ ದೊಡ್ಡಪ್ಪ ಮಂಡಿಯ ಗೋಡೆಗೆ ಬಿಳಿ ಪಂಚೆ ಕಟ್ಟಿದರು. ಕೊಬ್ಬರಿ ಮೂಟೆಗಳ ಮೇಲೆ ಕೂತು ಇಡೀ ಬೀದಿ ನೋಡಿತು. ಆ ಸಂಜೆಯಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ. ಆಮೇಲೆ ಅವರ ಯಾವ ಸಿನಿಮಾವನ್ನೂ ಚರ್ಚಿನವರು ಕೇಳಲಿಲ್ಲ, ಅವರೂ ಕೊಡಲು ಹೋಗಲಿಲ್ಲ.

ಈಗ ದೊಡ್ಡಪ್ಪ, ರುದ್ರಣ್ಣ ಇಬ್ಬರೂ ಇಲ್ಲ. ಹೋದ ತಿಂಗಳು ಚರ್ಚಿನಿಂದ ಫೋನ್ ಬಂತು. ಮೇಷ್ಟ್ರ ನೆನಪಿಗೆ ಆ ಸಿನಿಮಾ ಹಾಕುತ್ತಾರಂತೆ, ಊಟದ ದೃಶ್ಯವೊಂದನ್ನು ಬಿಟ್ಟು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲದಿದ್ದರೆ ಬೇಡವೇ ಬೇಡ ಎಂದೆ. ಫೋನಿಟ್ಟು ಆ ದೃಶ್ಯವನ್ನೇ ಹಾಕಿಕೊಂಡು ಕೂತೆ. ರುದ್ರಣ್ಣ ಮುದ್ದೆ ಮುರಿದು ಪಕ್ಕದವನಿಗೆ ಕೊಡುತ್ತಾನೆ. ಅಷ್ಟರಲ್ಲಿ ಪರದೆಯ ಅಂಚಿನಿಂದ ಸೌಟು ಹಿಡಿದ ಕೈಯೊಂದು ಬಂದು, ಒಬ್ಬೊಬ್ಬರಿಗೂ ಸಾರು ಬಡಿಸುತ್ತಾ ಹೋಗುತ್ತದೆ. ಅದು ದೊಡ್ಡಪ್ಪನ ಕೈ. ತಾವು ತೆಗೆದ ಅಷ್ಟೂ ಸಿನಿಮಾಗಳಲ್ಲಿ ಅವರು ಕಾಣಿಸಿಕೊಂಡದ್ದು ಅಷ್ಟೇ.