ಮೊಣಕಾಲೂರದ ಬಾಣಂತಿ

ಫಾದರ್ ಬೆನೆಡಿಕ್ಟ್ ತಂದಿದ್ದ ಬಣ್ಣದ ಚಿತ್ರವನ್ನು ಶಿವಗಂಗವ್ವ ಬಹಳ ಹೊತ್ತು ನೋಡಿದಳು. ಕೈತುಂಬ ಮಣ್ಣಿದ್ದುದರಿಂದ ಮುಟ್ಟಲಿಲ್ಲ. ಫಾದರ್ ಅವರೇ ಅದನ್ನು ಅವಳ ಮುಖದ ಮುಂದೆ ಹಿಡಿದು ನಿಂತಿದ್ದರು. ದನದ ಕೊಟ್ಟಿಗೆ, ಹುಲ್ಲು ತುಂಬಿದ ಗೋದಲಿ, ಅದರಲ್ಲಿ ಕೂಸು. ಒಂದು ಬದಿಗೆ ಎತ್ತು, ಇನ್ನೊಂದು ಬದಿಗೆ ಕತ್ತೆ. ಕೂಸಿನ ಎದುರಿಗೆ ನೀಲಿ ಸೆರಗು ಹೊದ್ದ ತಾಯಿ, ಮೊಣಕಾಲೂರಿ ಕೈಮುಗಿದು ಕೂತಿದ್ದಾಳೆ. ಹಿಂದೆ ಕೋಲು ಹಿಡಿದು ನಿಂತ ಗಂಡ.

“ಈಕಿ ಯಾವಾಗ ಹಡದಾಳ್ರಿ?”

“ಅದೇ ರಾತ್ರಿ, ಶಿವಗಂಗಮ್ಮ.”

“ಅದ ರಾತ್ರಿ ಹಡದಾಕೀನ ಹಿಂಗ ತಣ್ಣನ್ನ ನೆಲದ ಮ್ಯಾಲೆ ಮೊಣಕಾಲ ಊರಿಸಿ ಕೂಡಿಸಿದವರು ಯಾರ್ರಿ? ಆಕಿಗೆ ಅವ್ವ ಇದ್ದಿದ್ದಿಲ್ಲೇನ್ರಿ?”

ಫಾದರ್ ನಕ್ಕರು. ಅವಳು ನಗಲಿಲ್ಲ.

ಶಿವಗಂಗವ್ವ ದೇವಿಕೊಪ್ಪದ ಕುಂಬಾರ ಓಣಿಯವಳು. ಅರವತ್ತು ದಾಟಿದ್ದಾಳೆ. ಸೊಂಟ ಹಿಡಿದಿದೆ, ಬಾಯಿ ಹಿಡಿದಿಲ್ಲ. ಗಂಡ ಮಡಿವಾಳೆಪ್ಪ ಗಡಿಗೆ ಮಾಡುವುದನ್ನು ಬಿಟ್ಟು ಇಟ್ಟಂಗಿ ಭಟ್ಟಿಯ ಕಾವಲಿಗೆ ಹೋಗತೊಡಗಿ ವರ್ಷಗಳೇ ಆದವು. ಪ್ಲಾಸ್ಟಿಕ್ ಕೊಡದ ಮುಂದೆ ಮಣ್ಣಿನ ಕೊಡಕ್ಕೆ ಯಾರೂ ಕೈಚಾಚುವುದಿಲ್ಲ. ಆದರೆ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಸುತ್ತಲಿನ ಊರಿನವರಿಗೆಲ್ಲ ಶಿವಗಂಗವ್ವನ ಎತ್ತುಗಳೇ ಬೇಕು. ಒಂದು ಜೋಡಿ ಎತ್ತು, ಅವುಗಳ ಮುಂದೊಂದು ಪುಟ್ಟ ಗೋದಲಿ, ಕಣ್ಣಿಗೆ ಗುಲಗಂಜಿ. ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಕೊಟ್ಟು ಸೆರಗಿಗೆ ಜೋಳ ಹಾಕಿಸಿಕೊಂಡು ಬರುತ್ತಾಳೆ. ಅವು ಹಸಿಮಣ್ಣಿನವು, ಸುಡುವ ಪದ್ಧತಿಯಿಲ್ಲ. ಪೂಜೆ ಮುಗಿದ ಮೇಲೆ ನೀರಿಗೆ ಬಿಟ್ಟರೆ ಕೆರೆಯ ಮಣ್ಣು ಕೆರೆಗೆ ಹೋಯಿತು.

ಫಾದರ್ ನಡೆಸುವ ಕಲಾ ಸಂಗ್ರಹಾಲಯ ಇರುವುದು ಊರ ಹೊರಗೆ, ಕಲಘಟಗಿ ರಸ್ತೆಗೆ. ಹಿಂದೆ ಅದು ಇಗರ್ಜಿಯವರ ಹೆರಿಗೆ ದವಾಖಾನೆಯಾಗಿತ್ತು. ಜನ ಇವತ್ತಿಗೂ ದವಾಖಾನಿ ಎಂದೇ ಕರೆಯುತ್ತಾರೆ. ಒಳಗೆ ಹಳೆಯ ಶಿಲುಬೆಗಳಿವೆ, ಕಟ್ಟಿಗೆಯ ಸಂತರಿದ್ದಾರೆ, ಬಣ್ಣದ ಗಾಜುಗಳಿವೆ. ಜೊತೆಗೆ ಈ ಕಡೆಯ ಕೌದಿ, ಒನಕೆ, ಬೀಸುವ ಕಲ್ಲು. ಕಲ್ಲಿಗೆ ಗಾಜಿನ ಪೆಟ್ಟಿಗೆಯ ಮರ್ಯಾದೆ. ಅದನ್ನು ಬೀಸಿ ರಟ್ಟೆ ಸವೆಸಿಕೊಂಡ ಹೆಂಗಸು ನೋಡಲು ಬಂದರೆ ‘ಮುಟ್ಟಬಾರದು’ ಎಂಬ ಫಲಕ. ಇದು ಇಗರ್ಜಿಯವರೊಬ್ಬರ ಚಾಳಿಯಲ್ಲ. ಮಠದವರಾಗಲಿ, ಸರಕಾರದವರಾಗಲಿ, ಬಡವರ ಸಾಮಾನನ್ನು ಪ್ರೀತಿಸಿದಷ್ಟು ಸುಲಭವಾಗಿ ಬಡವರನ್ನು ಪ್ರೀತಿಸಿದವರು ಕಡಿಮೆ.

ಆ ವರ್ಷ ಕ್ರಿಸ್‌ಮಸ್ಸಿಗೆ ಅಲ್ಲಿ ‘ನಮ್ಮ ಮಣ್ಣಿನ ಗೋದಲಿ’ ಎಂಬ ಪ್ರದರ್ಶನ ಏರ್ಪಾಡಾಗಿತ್ತು. ಬೇರೆ ಬೇರೆ ಊರಿನ ಇಗರ್ಜಿಗಳಿಂದ ಗೋದಲಿಗಳು ಬರುವವು, ಕೋಲಾಟ, ಭಜನೆ, ಬಹುಮಾನ ಎಲ್ಲ ಇತ್ತು. ನಡುಮಧ್ಯದ ದೊಡ್ಡ ಗೋದಲಿಯನ್ನು ಇಲ್ಲಿಯ ಕೈಯೇ ಮಾಡಬೇಕೆಂದು ಫಾದರ್ ಹಟ ಹಿಡಿದಿದ್ದರು. ಅವರು ಕರಾವಳಿಯ ಕಡೆಯವರು, ಒಳ್ಳೆಯ ಮನುಷ್ಯ.

ಅವಳ ಅಂಗಳದ ಕಟ್ಟೆಯ ಮೇಲೆ ಕೂತು ಅವರು ಕಥೆಯನ್ನು ಪೂರ್ತಿ ಹೇಳಿದರು. ಬಸುರಿ ಹೆಂಗಸು, ದೂರದ ಪ್ರಯಾಣ, ಊರ ತುಂಬ ಜನ, ಛತ್ರದಲ್ಲಿ ಅವಳಿಗೆ ಜಾಗ ಸಿಗದೆ ಹೋದದ್ದು, ಕೊನೆಗೆ ದನದ ಕೊಟ್ಟಿಗೆ. ಶಿವಗಂಗವ್ವ ಮಣ್ಣು ಮಿದಿಯುವುದನ್ನು ನಿಲ್ಲಿಸಿ ಕೇಳಿದಳು.

“ಒಳಗ ಒಬ್ರೂ ಸರಿದು ಕುಂಡರಲಿಲ್ಲೇನ್ರಿ?”

“ಇಲ್ಲ.”

“ಇರ್ಲಿ. ಮಾಡತೀನಿ. ಆದ್ರ ಒಂದ ಎತ್ತು ಮಾಡಂಗಿಲ್ಲ. ಒಂಟಿ ಎತ್ತು ಇತ್ತಂದ್ರ ಅದರ ಜೋಡಿ ಸತ್ತೈತಿ ಅಂತ ಅರ್ಥ. ಕೂಸು ಹುಟ್ಟಿದ ಮನ್ಯಾಗ ಅಂಥಾದ್ದು ಇಡಬಾರದು. ಜೋಡಿ ಮಾಡತೀನಿ. ಕತ್ತೀನೂ ಮಾಡತೀನಿ, ಅದರ ಮ್ಯಾಲೆ ಮಣ್ಣು ಹೇರಿ ನಮ್ಮ ಮಾವ ಬದುಕ್ಯಾನ.”

“ಮಣ್ಣು ನಿಮ್ಮದು, ಕೈ ನಿಮ್ಮದು. ನಿಮಗೆ ತಿಳಿದ ಹಾಗೆ ಮಾಡಿ,” ಎಂದರು ಫಾದರ್.

ಆ ಮಾತನ್ನು ಅವಳು ಪೂರ್ತಿ ನಂಬಿದಳು. ಮುಂದೆ ನಡೆದದ್ದರಲ್ಲಿ ಅವಳ ತಪ್ಪೇನಾದರೂ ಇದ್ದರೆ ಅಷ್ಟೇ.

ಅವಳ ಸೊಂಟದ ಕಥೆಯನ್ನು ಇಲ್ಲಿ ಹೇಳಲೇಬೇಕು. ಚೊಚ್ಚಲ ಮಗಳನ್ನು ಹಡೆದಾಗ ಅವಳಿಗೆ ತವರಿನ ಆಸರೆ ಇರಲಿಲ್ಲ, ತಾಯಿ ತೀರಿಕೊಂಡಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ ಹೊಸ್ತಿಲಲ್ಲಿ ನಿಂತಿತ್ತು. ಒಂದು ದಿನದ ವ್ಯಾಪಾರದಲ್ಲಿ ಮನೆಯವರು ತಿಂಗಳುಗಟ್ಟಲೆ ಉಣ್ಣಬೇಕು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲೇ ಅತ್ತೆ ಅವಳನ್ನು ಹೊರಸಿನಿಂದ ಎಬ್ಬಿಸಿ ಮಣ್ಣು ತುಳಿಯಲು ನಿಲ್ಲಿಸಿದಳು. ಮೊಣಕಾಲ ತನಕ ತಂಪು ಮಣ್ಣು, ಮೇಲೆ ಜಿಟಿಜಿಟಿ ಮಳೆ. ತುಳಿದು ಮುಗಿಸಿ, ಮೊಣಕಾಲೂರಿ ಕೂತು ಸಂಜೆಯ ತನಕ ಎತ್ತು ಮಾಡಿದಳು. ಅವತ್ತು ಹಿಡಿದ ಸೊಂಟ ಬಿಟ್ಟಿಲ್ಲ. ಎದೆಹಾಲೂ ಬತ್ತಿತು. ಕೂಸು ಮಳೆಗಾಲ ದಾಟಲಿಲ್ಲ. ಆ ಸಾವಿಗೆ ಮನೆಯವರು ದೃಷ್ಟಿ ಎಂದರು, ಗ್ರಹ ಎಂದರು. ತಂಪು ಮಣ್ಣು ಎಂದು ಯಾರೂ ಅನ್ನಲಿಲ್ಲ. ಅಂದವಳು ಅವಳೊಬ್ಬಳೇ, ಅದಕ್ಕೇ ಬಾಯಿಬಡಕಿ ಎಂಬ ಹೆಸರು ಬಂತು.

ಆ ಹೆಸರು ಹೊತ್ತುಕೊಂಡೇ ಅವಳು ಕೆರೆಯ ಮಣ್ಣು ತಂದಳು, ಬೂದಿ ಬೆರೆಸಿ ಮಿದ್ದಳು. ಮೊದಲು ಜೋಡಿ ಎತ್ತು, ಆಮೇಲೆ ಕತ್ತೆ, ಗೋದಲಿ, ಅದರಲ್ಲಿ ಕೂಸು. ಗಂಡನನ್ನು ಮಾಡುವಾಗ ಕೈಗೆ ಕೋಲಿನ ಬದಲು ಊದುಗೊಳವಿ ಕೊಟ್ಟು ಬಗ್ಗಿಸಿ ಕೂರಿಸಿದಳು. ಅವನ ಮುಂದೊಂದು ಅಗ್ಗಿಷ್ಟಿಗೆ, ಅದರಲ್ಲಿ ಕೆಂಡದ ಬದಲು ಕೆಂಪು ಗುಲಗಂಜಿ. ಕೊನೆಗೆ ತಾಯಿ. ತಾಯಿಯನ್ನು ಮಲಗಿಸಿದಳು. ಹುರಿ ಹೆಣೆದ ಪುಟ್ಟ ಹೊರಸಿನ ಮೇಲೆ, ಬಲಮಗ್ಗುಲಾಗಿ, ತಲೆಗೂ ಕಿವಿಗೂ ಬಿಗಿಯಾಗಿ ಅರಿವೆ ಸುತ್ತಿ. ಕೂಸು ಗೋದಲಿಯಲ್ಲೇ ಇರಬೇಕೆಂದು ಫಾದರ್ ಹೇಳಿದ್ದರಿಂದ ಗೋದಲಿಯನ್ನು ಹೊರಸಿಗೆ ತಾಗಿಸಿ, ತಾಯಿಯ ಒಂದು ಕೈಯನ್ನು ಅದರ ಅಂಚಿನ ಮೇಲಿಟ್ಟಳು. ಕಣ್ಣು ಮುಚ್ಚಿತ್ತು. ದಣಿದು ನಿದ್ದೆ ಹೋದ ಮುಖ.

ಬಾಜೂ ಮನೆಯ ಮುಮತಾಜ್ ದರ್ಜಿ ಕೆಲಸದವಳು. ಚೂರು ಬಟ್ಟೆ ಕೂಡಿಸಿ ಗೇಣುದ್ದದ ಕೌದಿ ಹೊಲಿದು ತಂದು ಬಾಣಂತಿಗೆ ಹೊದಿಸಿದಳು.

“ಗಂಗಕ್ಕ, ಗಂಡಸಿನ ಕೈಯಾಗ ಊದುಗೊಳವಿ ಕೊಟ್ಟಿಯಲ್ಲ ಬೇ! ನಮ್ಮ ಮನ್ಯಾವ ನೋಡಿದ್ರ ದವಾಖಾನಿ ಕಡೇನ ಬರಂಗಿಲ್ಲ.”

“ಕೈ ಕಟಗೊಂಡು ನಿಂತ್ರ ಬೆಂಕಿ ಯಾರ ಊದಬೇಕು? ದೇವರ ಮನ್ಯಾಗರ ಒಬ್ಬ ಗಂಡಸು ಕೆಲಸಾ ಮಾಡ್ಲಿ.”

ಮೈದುನನ ಮಗ ಮಾಂತೇಶನಿಗೆ ಇದು ಹಿಡಿಸಲಿಲ್ಲ. ಹಣೆಗೆ ಕೆಂಪು ಬಳಿದುಕೊಂಡು ಮೆರವಣಿಗೆಗಳಲ್ಲಿ ಕೂಗುವ ಹುಡುಗ. ಅಂಗಳಕ್ಕೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ.

“ದೊಡವ್ವ, ನಮ್ಮ ಕೆರಿ ಮಣ್ಣಿನ್ಯಾಗ ಅವರ ದೇವರನ್ನ ಯಾಕ ಮಾಡತಿ? ಊರಾಗ ಏನಂತಾರ?”

“ನೀ ಎಲ್ಲೆ ಹುಟ್ಟೀಯೋ ಲೇ? ಅದ ದವಾಖಾನಿಯೊಳಗ. ನಿಮ್ಮವ್ವಗ ಬೆಂಕಿ ಮಾಡಿ ಕಾಸಿದಾಕಿ ಈ ಮುಮತಾಜನ ಅವ್ವ. ಆಗ ನಿಂದೇನ ಕೆಟ್ಟಿತ್ತು? ಸರಿ ಆಚೆ, ನೆಳ್ಳ ಬೀಳತೈತಿ, ಮಣ್ಣು ಆರಬೇಕು.”

ಅವನು ಗೊಣಗುತ್ತ ಹೋದ. ಕುಂಬಾರ ಓಣಿಯಲ್ಲಿ ಎದ್ದ ವಿರೋಧ ಅಲ್ಲಿಗೇ ಮುಗಿಯಿತು. ಅಸಲಿ ವಿರೋಧ ಕಾದಿದ್ದದ್ದು ಒಳಗೆ, ಗಾಜಿನ ಪೆಟ್ಟಿಗೆಗಳ ನಡುವೆ.

ಮೂರ್ತಿಗಳನ್ನು ಟೆಂಪೋದಲ್ಲಿ ಹುಲ್ಲು ಹಾಸಿ ತಂದು ಇಳಿಸಿದಾಗ ಫಾದರ್ ಹತ್ತಿರ ಬಂದು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಬಹಳ ಚೆನ್ನಾಗಿದೆ,” ಎಂದರು. ಅವರ ಹಿಂದೆಯೇ ಬಂದ ಸಂಗ್ರಹಾಲಯ ಕಮಿಟಿಯ ಕಾರ್ಯದರ್ಶಿ ಸಾಲೊಮೋನ್ ಮಾಸ್ತರ ಮಾತ್ರ ಹೊರಸಿನ ಕಡೆ ಬೆರಳು ತೋರಿಸಿದರು. ನಿವೃತ್ತ ಶಾಲಾ ಮಾಸ್ತರರು, ಇದೇ ಊರಿನವರು.

“ಏನವಾ ಇದು? ಮಾತೆಯನ್ನ ಹಿಂಗ ಅರಿವಿ ಸುತ್ತಿ ಹೊರಸಿನ ಮ್ಯಾಲೆ ಕೆಡವೀಯಲ್ಲ?”

“ಕೆಡವಿಲ್ರಿ ಮಾಸ್ತರ. ಮಲಗಿಸೀನಿ. ಬಾಣಂತಿ ಅದಾಳಲ್ರಿ.”

“ನಮ್ಮವ್ವ ಸಾಯೂತನಕ ಮೊಣಕಾಲೂರಿದ ಮಾತೆ ಮುಂದ ಕುಂತು ಪ್ರಾರ್ಥನಾ ಮಾಡ್ಯಾಳ. ನನ್ನ ಕಣ್ಣಾಗ ಇರೂದು ಆ ಮೂರ್ತಿ. ಅದನ್ನ ಬದಲ ಮಾಡಾಕ ನೀ ಯಾರು?”

ಆ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ. ಶಿವಗಂಗವ್ವ ದನಿ ತಗ್ಗಿಸಿ ಕೇಳಿದಳು.

“ನಿಮ್ಮನ್ನ ಹಡದಾಗ ನಿಮ್ಮವ್ವ ಎಲ್ಲೆ ಮಲಗಿದ್ಲರಿ?”

“ಇಲ್ಲೇ… ಇದ ದವಾಖಾನಿ ಖೋಲ್ಯಾಗ.”

“ಮಲಗಿದ್ಲೋ, ಮೊಣಕಾಲ ಊರಿ ಕುಂತಿದ್ಲೋ?”

ಮಾತಿಗೆ ಮಾತು ಸಿಗದಿದ್ದಾಗ ದೊಡ್ಡವರು ಮಾಡುವುದನ್ನೇ ಮಾಸ್ತರರೂ ಮಾಡಿದರು, ಸಭೆ ಕರೆದರು. ಜನ ಫೋಟೋ ತೆಗೆದು ಊರೂರಿಗೆ ಕಳಿಸಿದರೆ ಗತಿಯೇನು, ಹುಬ್ಬಳ್ಳಿಯಿಂದ ಬರುವ ಅತಿಥಿಗಳು ಏನೆನ್ನುತ್ತಾರೆ, ಎಂದೆಲ್ಲ ಚರ್ಚೆಯಾಯಿತು. ಮಾಡಿದವಳನ್ನು ಯಾರೂ ಕರೆಯಲಿಲ್ಲ. ಎತ್ತು, ಕತ್ತೆ, ಗೋದಲಿ ಇರಲಿ, ತಾಯಿಯದು ಮಾತ್ರ ಅಂಗಡಿಯ ಮೂರ್ತಿ ತರೋಣ ಎಂದು ಠರಾವಾಯಿತು. ಫಾದರ್ ಬೇಡವೆನ್ನಬಹುದಿತ್ತು. ಎನ್ನಲಿಲ್ಲ. ಕೆಟ್ಟವರ ಹಟವನ್ನು ಎದುರಿಸಬಹುದು, ಒಳ್ಳೆಯವರ ಅಂಜಿಕೆಯನ್ನು ಹಿಡಿದು ಅಲುಗಾಡಿಸುವುದಕ್ಕೆ ಹಿಡಿಕೆಯೇ ಇರುವುದಿಲ್ಲ.

ಉದ್ಘಾಟನೆಯ ದಿನ ದುಮ್ಮವಾಡದಿಂದಲೂ ಜನ ಬಂದಿದ್ದರು. ಕುಂದಗೋಳದ ಕಡೆಯ ಗಾಯಕರೊಬ್ಬರು ಹಾರ್ಮೋನಿಯಂ ಹಿಡಿದು ಕ್ರಿಸ್ತನ ಜನನದ ಪದವನ್ನು ಭೈರವಿಯಲ್ಲಿ ಎಳೆದೆಳೆದು ಹಾಡುತ್ತಿದ್ದರು. ಶಿವಗಂಗವ್ವ ಇಳಕಲ್ ಸೀರೆಯುಟ್ಟು, ಮುಮತಾಜಳನ್ನೂ ಓಣಿಯ ಹೆಂಗಸರನ್ನೂ ಕರೆದುಕೊಂಡು ಒಳಗೆ ಬಂದಳು. ಅವಳ ಎತ್ತುಗಳ ನಡುವೆ ಪ್ಲಾಸ್ಟರಿನ ಬಿಳಿ ಹೆಂಗಸೊಬ್ಬಳು ನೀಲಿ ಸೆರಗು ಹೊದ್ದು ಮೊಣಕಾಲೂರಿದ್ದಳು. ಬೆಂಕಿ ಊದುತ್ತಿದ್ದ ಗಂಡನನ್ನೂ ತೆಗೆದಿದ್ದರು.

“ನಮ್ಮಾಕಿ ಎಲ್ಲೆದಾಳ್ರಿ?”

ಫಾದರ್ ನೆಲ ನೋಡುತ್ತ, “ಸ್ಟೋರಿನಲ್ಲಿ ಜೋಪಾನವಾಗಿ ಇಟ್ಟಿದ್ದೇವೆ, ಶಿವಗಂಗಮ್ಮ. ಕಮಿಟಿಯ ತೀರ್ಮಾನ…” ಎಂದರು.

ಅವಳು ಕೂಗಾಡಲಿಲ್ಲ, ಕೂಸು ಮಲಗಿದ್ದ ಗೋದಲಿಗೂ ಕೈ ಹಚ್ಚಲಿಲ್ಲ. ಸ್ಟೋರಿನ ಬಾಗಿಲು ತೆಗೆಸಿದಳು. ಹಳೆಯ ಫಲಕಗಳ ಸಂದಿಯಲ್ಲಿ ಬಾಣಂತಿ ಮಲಗಿದ್ದಳು, ಕೌದಿ ಜಾರಿತ್ತು. ಹಸಿಮಣ್ಣು, ಒಂದು ಪೆಟ್ಟು ಸಾಕು ಒಡೆಯಲು. ಹೊರಸಿನ ಸಮೇತ ಬುಟ್ಟಿಗೆ ಇಳಿಸಿ, ಹಿಡಿದ ಸೊಂಟದಲ್ಲೇ ತಲೆಯ ಮೇಲೆ ಹೊತ್ತು, ಜನರ ನಡುವಿನಿಂದ ನೆಟ್ಟಗೆ ನಡೆದಳು. ಊದುಗೊಳವಿಯ ಗಂಡನನ್ನು ಮುಮತಾಜ್ ಎತ್ತಿಕೊಂಡು ಹಿಂದೆ ಬಂದಳು. ಹಾರ್ಮೋನಿಯಂ ನಿಂತಿತು.

ಹೊರಗಿನ ಪಡಸಾಲೆಯಲ್ಲಿ ಅವಳು ಬುಟ್ಟಿ ಇಳಿಸಿದಳು. ಹಿಂದೆ ಬಾಣಂತಿಯರಿಗೆ ಅವರ ಮನೆಯವರು ನೀರು ಕಾಯಿಸುತ್ತಿದ್ದದ್ದು ಅಲ್ಲೇ, ಗೋಡೆಯ ಮೇಲಿನ ಮಸಿ ಸುಣ್ಣದಡಿಯಿಂದ ಇನ್ನೂ ಕಾಣುತ್ತದೆ. ಮಸಿಯ ಕೆಳಗೆ ಹೊರಸು ಇಟ್ಟಳು, ಅದರ ಕಾಲ ಬಳಿ ಗಂಡನನ್ನು ಕೂರಿಸಿದಳು, ಕೌದಿ ಸರಿಪಡಿಸಿದಳು.

ಮಾಸ್ತರ ಓಡಿ ಬಂದರು. “ಏ ಯವ್ವಾ, ಇಲ್ಲೆ ಇಡಂಗಿಲ್ಲ! ಪ್ರದರ್ಶನ ಏನಿದ್ರೂ ಒಳಗ!”

ಶಿವಗಂಗವ್ವ ಬಾಣಂತಿಯ ಪಕ್ಕ ಕಾಲು ಚಾಚಿ ಕೂತಳು.

“ಆಕಿಗೆ ಒಳಗ ಜಾಗಾ ಸಿಗಲಿಲ್ಲಂತ ಫಾದರ್ ಅವರ ನನಗ ಹೇಳ್ಯಾರ. ನಿಮ್ಮ ಪುಸ್ತಕದಾಗ ಹಂಗ ಐತಂತ. ಈಗೂ ಸಿಗಲಿಲ್ಲ. ಇಲ್ಲೇ ಇರತಾಳ. ಎತ್ತೂದಿದ್ರ ಮೊದಲ ನನ್ನ ಎತ್ರಿ.”

ಯಾರೂ ಎತ್ತಲಿಲ್ಲ. ಮೊದಲು ಓಣಿಯ ಹೆಂಗಸರು ಸುತ್ತ ಕೂತರು. ದುಮ್ಮವಾಡದ ಮುದುಕಿಯೊಬ್ಬಳು ಬಗ್ಗಿ ನೋಡಿ, “ಪಾಪ, ಮಕ್ಕೊಂಡಾಳ. ಸಪ್ಪಳಾ ಮಾಡಬ್ಯಾಡ್ರಿ,” ಎಂದಳು. ಯಾರೋ ಸೆರಗಿನಿಂದ ಒಣಕೊಬ್ಬರಿ ತೆಗೆದಿಟ್ಟರು, ಇನ್ನೊಬ್ಬಳು ಬಾಣಂತಿಗೆ ಕೊಡುವ ಅಂಟಿನುಂಡೆ. ಒಳಗೆ ಬಹುಮಾನ ವಿತರಣೆಗೆ ಮೈಕು ಕೂಗಿದರೂ ಇಗರ್ಜಿಯ ಹೆಂಗಸರೇ ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ತಾವು ಅದೇ ಕೋಣೆಯಲ್ಲಿ ಹಡೆದದ್ದು, ಚಳಿಗೆ ನಡುಗಿದ್ದು, ಯಾರು ಬೆಂಕಿ ಮಾಡಿದರು, ಯಾರು ಮಾಡಲಿಲ್ಲ ಎಂಬುದೆಲ್ಲ ಪಡಸಾಲೆಯ ಮಾತಾಯಿತು. ಅತಿಥಿಗಳು ಭಾಷಣ ಮುಗಿಸಿದಾಗ ಎದುರಿಗಿದ್ದವರು ಹೆಚ್ಚಾಗಿ ಗಂಡಸರು.

ಸಂಜೆ ಫಾದರ್ ಬಂದು ಕೆಳಗೆ ನೆಲದ ಮೇಲೆಯೇ ಕೂತರು.

“ತಪ್ಪಾಯಿತು. ಒಳಗೆ ಕರೆದುಕೊಂಡು ಬನ್ನಿ. ಆ ಮೂರ್ತಿಯನ್ನು ತೆಗೆಸುತ್ತೇನೆ.”

“ಬಾಣಂತೀನ ಎಷ್ಟ ಸಲ ಎತ್ತಿ ಇಡತೀರಿ? ಎಬ್ಬಸಬ್ಯಾಡ್ರಿ.”

ಪ್ರದರ್ಶನ ಮುಗಿಯುವ ತನಕ ಬಾಣಂತಿ ಪಡಸಾಲೆಯಲ್ಲೇ ಇದ್ದಳು. ಬೆಳಗಾದರೆ ಶಿವಗಂಗವ್ವ ಬುತ್ತಿ ಕಟ್ಟಿಕೊಂಡು ಬಂದು ಕಾವಲು ಕೂರುತ್ತಿದ್ದಳು. ಕೊನೆಯ ದಿನ ಕಮಿಟಿಯವರು ಹೊಸ ಮಾತು ತಂದರು. ಇಷ್ಟು ಜನ ನೋಡಿದ ಕೃತಿ, ಸಂಗ್ರಹಾಲಯದಲ್ಲೇ ಕಾಯಂ ಇರಲಿ, ಗಾಜಿನ ಪೆಟ್ಟಿಗೆ ಮಾಡಿಸುತ್ತೇವೆ, ನಿನ್ನ ಹೆಸರನ್ನೂ ಬರೆಸುತ್ತೇವೆ ಎಂದರು. ಕೇಳಲು ಬಂದವರು ಸಾಲೊಮೋನ್ ಮಾಸ್ತರರೇ. ಅವರಿಗೆ ಸುಲಭವಿರಲಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು.

ಅವಳು ಬುಟ್ಟಿ ಎತ್ತಿಕೊಂಡಳು.

“ಬ್ಯಾಡ್ರಿ ಮಾಸ್ತರ. ಆಕಿಗೆ ಜಾಗಾ ಬೇಕಾದಾಗ ಸ್ಟೋರಿಗೆ ಹಾಕಿದ್ರಿ. ಈಗ ಪೆಟಗೀಗೆ ಹಾಕತೀರಿ. ಎರಡೂ ಒಂದ.”

“ಮತ್ತ ಏನ ಮಾಡತಿ?”

“ಎತ್ತಿಗೆ ಮಾಡೂದನ್ನ ಮಾಡತೀನಿ. ಕೆರೀಗೆ ಬಿಡತೀನಿ. ಮುಂದಿನ ವರ್ಷ ಕರೀರಿ, ಅದ ಮಣ್ಣು ತಂದು ಮಾಡಿಕೊಡತೀನಿ. ಆದ್ರ ಈಗ ಹೇಳಿರತೀನಿ, ಮಲಗಿಸೇ ಮಾಡಾಕಿ. ಜಾಗಾ ಮಾಡಿಟ್ಟು ಕರೀರಿ.”

ಮುಮತಾಜ್ ಕೌದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಬ್ಬರೂ ಕೆರೆಯ ದಾರಿ ಹಿಡಿದರು.