ನೆಲ್ಲಿ ಥ್ವೇಟಳ ಮೀನಿನ ಹಲಗೆ

‘ಮಂಗರ್’ ಎಂದು ಮುಗಿಯುವ ಇಂಗ್ಲಿಷ್ ಪದಗಳನ್ನು ಶಾಲೆಯಲ್ಲಿ ಕಲಿಸಲು ನಾನು ಎಂದೂ ಸೀಮೆಸುಣ್ಣ ಸವೆಸಲಿಲ್ಲ. ಗುರುವಾರದ ಸಂತೆಗೆ ಮಕ್ಕಳನ್ನು ಕರೆದೊಯ್ದರೆ ಸಾಕಾಗುತ್ತಿತ್ತು. ಬಕೆಟ್ಟು, ಮೊಳೆ ಮಾರುವ ಸಿರಿಲ್ ಐರನ್‌ಮಂಗರ್. ಅವನ ಪಕ್ಕದ ಆರ್ನಲ್ಡ್ ಚೀಸ್‌ಮಂಗರ್. ಮೂಲೆಯಲ್ಲಿ, ಗಡಿಯಾರದ ಕೆಳಗೆ, ನೆಲ್ಲಿ ಥ್ವೇಟ್ ಫಿಶ್‌ಮಂಗರ್. ಮಂಗರ್ ಎಂದರೆ ಮಾರುವವರು, ಅಷ್ಟೆ. ಆದರೆ ಯುದ್ಧ ಮಾರುವವನು ವಾರ್‌ಮಂಗರ್, ಭಯ ಮಾರುವವನು ಸ್ಕೇರ್‌ಮಂಗರ್, ಊರ ಸುದ್ದಿ ಮಾರುವವನು ಗಾಸಿಪ್‌ಮಂಗರ್. ಇವು ಮಾತ್ರ ಬೈಗುಳಗಳು. ತಕ್ಕಡಿಯಲ್ಲಿ ತೂಗಲಾಗದ ಸರಕಿಗೆ ನಮ್ಮ ಯಾರ್ಕ್‌ಷೈರಿನಲ್ಲಿ ಮರ್ಯಾದೆಯಿಲ್ಲ.

ಒಮ್ಮೆ ಒಬ್ಬ ಹುಡುಗಿ, ನೆಲ್ಲಿ ಇವರಲ್ಲಿ ಯಾವ ಮಂಗರ್ ಎಂದು ಕೇಳಿಯೇಬಿಟ್ಟಳು. ನೆಲ್ಲಿ ಚಾಕು ಕೆಳಗಿಡಲಿಲ್ಲ. “ಮೀನು ಮಾರ್ತೀನಿ ಚಿನ್ನಾ,” ಎಂದಳು. “ಸುದ್ದಿ ಪುಕ್ಕಟೆ.”

ನಿಜವೇ. ಅವಳ ಬಳಿ ಮೀನು ಕೊಂಡವರು ಯಾರ ಮಗಳಿಗೆ ನಿಶ್ಚಯವಾಯಿತು, ಯಾವ ಪಾದ್ರಿ ಹಲ್ಲು ಕಟ್ಟಿಸಿಕೊಂಡರು ಎಂಬುದನ್ನೂ ಹೊತ್ತು ಮನೆಗೆ ಹೋಗುತ್ತಿದ್ದರು. ಆರ್ನಲ್ಡನಿಗೂ ಅವಳಿಗೂ ಮಾತ್ರ ಪ್ರತಿ ಸಂತೆಯಲ್ಲೂ ಜಗಳ. ಮೀನಿನ ವಾಸನೆ ಚೀಸಿಗೆ ಹತ್ತುತ್ತದೆ ಎಂದು ಅವನ ದೂರು. ಅವನ ಸ್ಟಿಲ್ಟನ್ ಚೀಸಿನ ವಾಸನೆಗೆ ತನ್ನ ಸತ್ತ ಮೀನುಗಳೇ ಮೂಗು ಮುಚ್ಚಿಕೊಳ್ಳುತ್ತವೆ ಎಂದು ಅವಳ ಉತ್ತರ.

ನಮ್ಮ ಸಂತೆಗೆ ಹಳೆಯ ಕಟ್ಟಳೆಯೊಂದಿತ್ತು. ಬೆಳಿಗ್ಗೆ ಸಂತೆ ತೆರೆಯುವ ಗಂಟೆ ಬಾರಿಸುವ ಹೊತ್ತಿಗೆ ಪ್ರತಿ ಹಲಗೆಯ ಮೇಲೂ ಆ ಹಲಗೆಯ ಕಸುಬಿನ ಸರಕೇ ಇರಬೇಕು. ಗುಡ್ ಫ್ರೈಡೆಯ ಹಿಂದಿನ ದಿನ ಹಲಗೆ ಖಾಲಿಯಿದ್ದರೆ ಆ ಜಾಗ ವರ್ಷಪೂರ್ತಿ ಬೇರೆಯವರ ಪಾಲು. ನೆಲ್ಲಿಯ ತಾಯಿಯ ಕಾಲದ ಆ ಮೂಲೆಯ ಮೇಲೆ ಪರದೆ ಬಟ್ಟೆ ಮಾರುವ ಸ್ಪಿಂಕ್ಸ್ ಎಂಬವನು ಕಣ್ಣಿಟ್ಟಿದ್ದ.

ಅಂಥದೇ ಒಂದು ಗುರುವಾರ, ಸಮುದ್ರತೀರದಿಂದ ಬರುತ್ತಿದ್ದ ನೆಲ್ಲಿಯ ವ್ಯಾನು ಬಯಲಿನ ನಡುವೆ ಕೆಟ್ಟು ನಿಂತಿತು. ಅವಳು ದಾರಿಬದಿಯ ಫೋನಿನಿಂದ ಪಬ್ಬಿಗೆ ಸುದ್ದಿ ಮುಟ್ಟಿಸಿದಳು. ಪಬ್ಬಿನಿಂದ ಅದು ಸಂತೆಗೆ ಓಡಿ ಬಂತು. ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಸ್ಪಿಂಕ್ಸ್ ಆಗಲೇ ಬಟ್ಟೆಯ ಗಂಟು ಬಿಚ್ಚುತ್ತಿದ್ದ. ಸಿರಿಲ್ ನೆಲ್ಲಿಯ ಹಲಗೆಯ ಮೇಲೆ ತನ್ನ ಬಕೆಟ್ಟುಗಳನ್ನು ಇಡಲು ಹೋದಾಗ ಅವು ಮೀನಲ್ಲವಲ್ಲ ಎಂದು ಆರ್ನಲ್ಡ್ ತಡೆದ. ಆಮೇಲೆ ಆರ್ನಲ್ಡನೇ ಗೊಣಗುತ್ತ ಹತ್ತಿರದ ದಿನಸಿ ಅಂಗಡಿಗೆ ಹೋಗಿ ಏಪ್ರನ್ನಿನ ತುಂಬ ಸಾರ್ಡೀನ್ ಮೀನಿನ ಡಬ್ಬಿಗಳನ್ನು ತಂದ. ನೆಲ್ಲಿ ಮಾಡುವಂತೆಯೇ ಪಾರ್ಸ್ಲಿ ಸೊಪ್ಪು ಹಾಸಿ, ಅದರ ಮೇಲೆ ಓರಣವಾಗಿ ಜೋಡಿಸಿದ.

ಸಂತೆಯ ಮೇಲ್ವಿಚಾರಕ ಕ್ರ್ಯಾಬ್‌ಟ್ರೀ ಬಂದ. ನಗು ಎಂದರೆ ಆಗದ ಮನುಷ್ಯ.

“ಅದು ಡಬ್ಬಿ, ಮೀನಲ್ಲ ಸಾರ್,” ಎಂದ ಸ್ಪಿಂಕ್ಸ್.

ಕ್ರ್ಯಾಬ್‌ಟ್ರೀ ಕನ್ನಡಕ ಏರಿಸಿ ಒಂದು ಡಬ್ಬಿಯನ್ನು ತಿರುಗಿಸಿ ನೋಡಿದ. “ಒಳಗೇನಿದೆ?”

“ಸಾರ್ಡೀನು.”

“ತಾಜಾನಾ?”

“ಹಿಡಿದ ದಿನ ತಾಜಾನೇ ಇತ್ತು,” ಎಂದ ಆರ್ನಲ್ಡ್.

ಕ್ರ್ಯಾಬ್‌ಟ್ರೀ ಡಬ್ಬಿಯನ್ನು ಹಲಗೆಯ ಮೇಲಿಟ್ಟು, “ಎರಡು ಡಬ್ಬಿ ಕಟ್ಟು. ನಮ್ಮ ಬೆಕ್ಕಿಗಾಯ್ತು,” ಎಂದು ಹೇಳಿ ಹೋಗಿ ಗಂಟೆ ಬಾರಿಸಿದ. ಸ್ಪಿಂಕ್ಸ್ ಬಟ್ಟೆಯ ಗಂಟನ್ನು ಮತ್ತೆ ಕಟ್ಟಿಕೊಂಡ.

ಬಿಸಿಲೇರಿದ ಮೇಲೆ ನೆಲ್ಲಿ ಹಾಲಿನ ಲಾರಿಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಗಳ ಮೇಲೆ ಕುಳಿತು ಬಂದಿಳಿದಳು. ಹಲಗೆಯನ್ನು ನೋಡಿದಳು, ಆರ್ನಲ್ಡನನ್ನು ನೋಡಿದಳು. “ಮೀನಿನ ತಲೆ ಯಾವ ಕಡೆ ಅಂತ ನೋಡಿ ಜೋಡಿಸಿದ್ಯೇನೋ?” ಎಂದು ಕೇಳಿ, ಪೆಟ್ಟಿಗೆಯಲ್ಲಿದ್ದ ಅತ್ಯಂತ ದಪ್ಪ ಹ್ಯಾಡಕ್ ಮೀನನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

“ಚೀಸಿಗೆ ವಾಸನೆ ಹತ್ತುತ್ತೆ,” ಎನ್ನುತ್ತಲೇ ಅವನು ಅದನ್ನು ಇಸಿದುಕೊಂಡ.

ಅಂದಿನಿಂದ ಅವಳ ಹಲಗೆಯ ಮೂಲೆಯಲ್ಲಿ ಒಂದು ಸಾರ್ಡೀನ್ ಡಬ್ಬಿ ಇದ್ದೇ ಇರುತ್ತಿತ್ತು. ಹೊಸಬರು ಅದರ ಬೆಲೆ ಕೇಳಿದರೆ, “ಅದು ಮಾರೋಕಲ್ಲ ಚಿನ್ನಾ,” ಎನ್ನುತ್ತಿದ್ದಳು. ಆಮೇಲೆ ಚಾಕು ಒರೆಸಿಕೊಂಡು ಇಡೀ ಕಥೆಯನ್ನು ಪುಕ್ಕಟೆಯಾಗಿ ಹೇಳುತ್ತಿದ್ದಳು.