ಲಾಗ್ ಬುಕ್ಕಿನ ಹದಿನೆಂಟು ಆಪರೇಷನ್‌ಗಳು

ಕೋವಿಡ್ ತಣ್ಣಗಾದ ಮರುವರ್ಷ. ಮೂರ್ನಾಡಿನ ಆಚೆಗಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ಸರ್ಜನ್. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಸರ್ಜರಿಯಲ್ಲಿ ಸ್ನಾತಕೋತ್ತರ ತರಬೇತಿಗೆ ಬಂದ ಕಿರಿಯ ವೈದ್ಯರಿಗೆ ಮಾರ್ಗದರ್ಶಕನೂ ನಾನೇ. ಆ ವರ್ಷದ ಒಂದು ಮಂಗಳವಾರವನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅದರಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ.

ತರಬೇತಿಯಲ್ಲಿರುವ ಪ್ರತಿ ವೈದ್ಯರೂ ಒಂದು ಲಾಗ್ ಬುಕ್ ಇಡಬೇಕು. ಯಾವ ಆಪರೇಷನ್ ನೋಡಿದರು, ಯಾವುದಕ್ಕೆ ಕೈಜೋಡಿಸಿದರು, ಯಾವುದನ್ನು ಸ್ವತಃ ಮಾಡಿದರು ಎಂದು ಅದರಲ್ಲಿ ಬರೆದು ಮಾರ್ಗದರ್ಶಕರ ಸಹಿ ಪಡೆಯಬೇಕು. ಆ ಪುಸ್ತಕ ತುಂಬದೆ ಪರೀಕ್ಷೆಗೆ ಕೂರುವಂತಿಲ್ಲ. ಆದರೆ ಕೋವಿಡ್ ಕಾಲದಲ್ಲಿ ತುರ್ತಲ್ಲದ ಆಪರೇಷನ್‌ಗಳೆಲ್ಲ ನಿಂತುಹೋಗಿದ್ದವು. ಅವು ಮತ್ತೆ ಶುರುವಾದಾಗ ಹೊಟ್ಟೆ ತೆರೆದು ಮಾಡುವ ಕೆಲಸವೇ ಅಪರೂಪವಾಗಿತ್ತು. ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾ, ಎಲ್ಲವೂ ಲ್ಯಾಪರೋಸ್ಕೋಪಿ. ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಟಿವಿ ಪರದೆ ನೋಡುತ್ತಾ ಮಾಡುವುದು. ರೋಗಿಗೆ ಒಳ್ಳೆಯದೇ. ಆದರೆ ಪರದೆಯ ಮೇಲೆ ಕೆಲಸ ಕೆಟ್ಟರೆ ಕೊನೆಗೆ ಹೊಟ್ಟೆಯನ್ನು ತೆರೆಯಲೇಬೇಕು. ಅದನ್ನು ಕಲಿಯಲು ಹೊಸಬರಿಗೆ ಅವಕಾಶವೇ ಸಿಗುತ್ತಿರಲಿಲ್ಲ. ಪುಸ್ತಕಗಳು ಮಾತ್ರ ತುಂಬುತ್ತಿದ್ದವು.

ನನ್ನ ಕೈಕೆಳಗೆ ಮೂರನೇ ವರ್ಷದಲ್ಲಿದ್ದವಳು ಡಾ. ಚೈತ್ರಾ, ಕುಶಾಲನಗರದ ಕಡೆಯ ಶುಂಠಿ ಬೆಳೆಗಾರರ ಮಗಳು. ಪರದೆ ನೋಡಿಕೊಂಡು ಮಾಡುವ ಕೆಲಸದಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕು. ಆ ಮಂಗಳವಾರ ಬೆಳಿಗ್ಗೆ ಅವಳಿಗೆ ವಹಿಸಿದ್ದು ಭಾಗಮಂಡಲದ ಸರೋಜಮ್ಮನವರ ಪಿತ್ತಕೋಶ. ಐವತ್ತೊಂದು ವರ್ಷದ ಅವರು ಅಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಪಿತ್ತಕೋಶದ ಕಲ್ಲಿನಿಂದ ಎರಡು ಸಲ ನೋವು ಬಂದಿತ್ತು. ನಾಲ್ಕು ತೂತು, ಮೂರನೇ ದಿನ ಮನೆ ಎಂದು ನಾನೇ ಹೇಳಿದ್ದೆ. ಚೈತ್ರಾ ಶುರುಮಾಡಲಿ, ಪಕ್ಕದ ಥಿಯೇಟರಿನಲ್ಲಿ ಒಂದು ಹರ್ನಿಯಾ ಮುಗಿಸಿ ಬರುತ್ತೇನೆ ಎಂದು ಹೊರಟೆ.

ಹನ್ನೊಂದು ಗಂಟೆಯ ಹೊತ್ತಿಗೆ ಸಿಸ್ಟರ್ ಮೇರಿ ಬಾಗಿಲು ತಳ್ಳಿಕೊಂಡು ಬಂದರು. ಅವರು ಹೇಳಿದ್ದು ಒಂದೇ ಮಾತು: "ಸಾರ್, ಬ್ಲೀಡಿಂಗ್, ಬೇಗ ಬನ್ನಿ." ನನ್ನ ಹರ್ನಿಯಾದಲ್ಲಿ ಚರ್ಮದ ಹೊಲಿಗೆಯಷ್ಟೇ ಉಳಿದಿತ್ತು. ಅದನ್ನು ಸಹಾಯಕನಿಗೆ ಬಿಟ್ಟು ಓಡಿದೆ.

ಪರದೆ ಪೂರ್ತಿ ಕೆಂಪಾಗಿತ್ತು. ಯಕೃತ್ತಿನ ಬುಡದಲ್ಲಿ ಒಂದು ರಕ್ತನಾಳ ಹರಿದಿತ್ತು. ಚೈತ್ರಾ ಒಳಗಿನ ಉಪಕರಣದಿಂದ ಅದನ್ನು ಅದುಮಿ ಹಿಡಿದು ನಿಂತಿದ್ದಳು. ಅಷ್ಟನ್ನು ಸರಿಯಾಗಿಯೇ ಮಾಡಿದ್ದಳು. ಆದರೆ ಅರಿವಳಿಕೆ ತಜ್ಞರು ಬಿ.ಪಿ. ಇಳಿಯುತ್ತಿದೆ, ತೆರೆಯಿರಿ ಎಂದು ಎರಡು ಸಲ ಹೇಳಿದರೂ ಅವಳು ಚಾಕು ಮುಟ್ಟಿರಲಿಲ್ಲ. ಕೈ ತೊಳೆದು ಬರುತ್ತೇನೆ, ಅಷ್ಟರಲ್ಲಿ ತೆರೆ ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಸರ್, ನಾನು ಓಪನ್ ಒಂದೂ ಮಾಡಿಲ್ಲ."

ಅವಳ ಲಾಗ್ ಬುಕ್ಕಿನಲ್ಲಿ ಹೊಟ್ಟೆ ತೆರೆದು ಪಿತ್ತಕೋಶ ತೆಗೆದ ಆಪರೇಷನ್‌ಗಳು ಹದಿನೆಂಟು ಇದ್ದವು. ಹದಿನೆಂಟಕ್ಕೂ ನನ್ನ ಸಹಿ ಇತ್ತು.

ಪಕ್ಕೆಲುಬಿನ ಕೆಳಗೆ ಒಂದು ಗೇಣು ಕೊಯ್ದು, ಯಕೃತ್ತಿಗೆ ಹೋಗುವ ನಾಳಗಳನ್ನು ಬೆರಳಿನಿಂದ ಅದುಮಿ, ಹರಿದದ್ದನ್ನು ಹುಡುಕಿ ಕಟ್ಟಿದೆ. ಸರೋಜಮ್ಮನವರಿಗೆ ನಾಲ್ಕು ಬಾಟಲಿ ರಕ್ತ ಕೊಡಬೇಕಾಯಿತು. ಜೀವ ಉಳಿಯಿತು. ಆಮೇಲೆ ಪಿತ್ತರಸ ಸೋರತೊಡಗಿ, ಹೊಟ್ಟೆಗೊಂದು ಕೊಳವೆ ಹಾಕಿಸಿಕೊಂಡು ಇಪ್ಪತ್ತಮೂರು ದಿನ ವಾರ್ಡಿನಲ್ಲಿ ಮಲಗಿದರು.

ಮರುದಿನ ಚೈತ್ರಾಳನ್ನು ಕರೆದು ಬೈಯಲು ಹೊರಟೆ. ಅವಳು ಅಳಲಿಲ್ಲ. ಹೋದ ವರ್ಷ, ನನಗೆ ತೆರೆದು ಮಾಡುವುದು ಬರುವುದಿಲ್ಲ, ಓಪನ್ ಕೇಸು ಬಂದರೆ ಕರೆಯಿರಿ ಎಂದು ಮೂರು ಸಲ ಕೇಳಿದ್ದನ್ನು ನೆನಪಿಸಿದಳು. ಬಂದಿದ್ದ ಎರಡನ್ನೂ ಬೇಗ ಮುಗಿಯಲಿ ಎಂದು ನಾನೇ ಮಾಡಿದ್ದೆ. ಹಾಳೆಗಳನ್ನು ತುಂಬಿಸಿಕೊಂಡು ಬಾ, ಸಹಿ ಹಾಕುತ್ತೇನೆ ಎಂದವನೂ ನಾನೇ. ಕಾಫಿ ಕುಡಿಯುತ್ತಾ, ಫೋನಿನಲ್ಲಿ ಮಾತಾಡುತ್ತಾ, ಒಂದೇ ಸಲಕ್ಕೆ ಅಷ್ಟೂ ಹಾಳೆ ತಿರುವಿ ಹಾಕಿದ ಸಹಿಗಳು ಅವು.

ಆಡಳಿತಾಧಿಕಾರಿಗೆ ವಿಷಯ ತಿಳಿಸಿದಾಗ ಅವರು ಗಾಬರಿಯಾಗಲಿಲ್ಲ. ರೋಗಿ ಬದುಕಿದ್ದಾರಲ್ಲ ಎಂದರು. ನಮ್ಮ ತರಬೇತಿ ಕೇಂದ್ರದ ಮಾನ್ಯತೆಯ ಪರಿಶೀಲನೆ ಹತ್ತಿರ ಬಂದಿದೆ, ಪುಸ್ತಕ ಹಾಗೇ ಇರಲಿ ಎಂದರು. ಆಪರೇಷನ್ ಅಭ್ಯಾಸಕ್ಕೆಂದು ಹೊಸದಾಗಿ ತರಿಸಿದ ಸಿಮ್ಯುಲೇಟರ್ ಯಂತ್ರದ ಮುಂದೆ ಚೈತ್ರಾಳನ್ನು ನಿಲ್ಲಿಸಿ ಫೋಟೋ ತೆಗೆಸುವುದಿದೆಯಂತೆ, ಅದಕ್ಕೆ ಅವಳನ್ನು ಕಳಿಸಿಕೊಡಿ ಎಂದೂ ಸೇರಿಸಿದರು. ಅವರನ್ನು ಬೈಯಲು ನನಗೆ ಯಾವ ಮುಖವಿತ್ತು?

ಕೊಳವೆ ತೆಗೆದ ದಿನ ಸರೋಜಮ್ಮನವರ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಸೀರೆಯ ಸೆರಗನ್ನು ಗಾಯದ ಮೇಲೆ ಎಳೆದುಕೊಂಡರು.

"ನೀವೇ ಮಾಡ್ತೀರಿ ಅಂತ ನಂಬಿ ಹೊಟ್ಟೆ ಕೊಟ್ಟದ್ದು ಡಾಕ್ಟ್ರೇ. ಆ ಹುಡುಗಿ ಮೇಲೆ ನಂಗೆ ಸಿಟ್ಟಿಲ್ಲ."

ಅವರ ಸಿಟ್ಟು ಯಾರ ಮೇಲಿತ್ತು ಎಂದು ಬಿಡಿಸಿ ಹೇಳಲಿಲ್ಲ. ಮುಂದಿನ ತಪಾಸಣೆಗೆ ಅವರು ನನ್ನ ಬಳಿ ಬರಲೂ ಇಲ್ಲ. ಮಡಿಕೇರಿಯಲ್ಲಿ ಬೇರೆಯವರಿಗೆ ತೋರಿಸಿಕೊಂಡರಂತೆ.

ಲಾಗ್ ಬುಕ್ಕಿನ ಆ ಹಾಳೆಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಇವು ಸುಳ್ಳು, ತಪ್ಪು ನನ್ನದು ಎಂದು ಪರೀಕ್ಷಾ ಮಂಡಳಿಗೆ ಬರೆದೆ. ನನ್ನ ಮಾರ್ಗದರ್ಶಕ ಹುದ್ದೆ ಹೋಯಿತು. ಆಡಳಿತಾಧಿಕಾರಿ ನನ್ನೊಡನೆ ಮಾತು ಬಿಟ್ಟರು. ಚೈತ್ರಾಳ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು. ಅವಳ ತಂದೆ ಫೋನ್ ಮಾಡಿ ಮಗಳ ಬಾಳು ಕೆಡಿಸಿದಿರಿ ಎಂದರು. ಆ ಆರು ತಿಂಗಳು ಅವಳು ಹೊರಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಆಗಲೂ ಹೊಟ್ಟೆ ತೆರೆದೇ ಆಪರೇಷನ್ ಮಾಡುತ್ತಿದ್ದ ನನ್ನ ಸಹಪಾಠಿಯೊಬ್ಬನ ಬಳಿ ನಿಂತಳು. ಈಗ ಅವಳೇ ಒಂದು ಜಿಲ್ಲಾಸ್ಪತ್ರೆಯ ಸರ್ಜನ್. ಹೊಸವರ್ಷಕ್ಕೊಂದು ಮೆಸೇಜು ಕಳಿಸುತ್ತಾಳೆ, ಅಷ್ಟೇ. ಅದಕ್ಕಿಂತ ಹೆಚ್ಚು ನಿರೀಕ್ಷಿಸುವ ಹಕ್ಕು ನನಗಿಲ್ಲ.

ಯಂತ್ರಗಳು ಇನ್ನೂ ಬದಲಾಗುತ್ತವೆ, ಈಗ ರೋಬೋಟ್ ಬಂದಿದೆ. ಅದನ್ನು ದೂರುವವನು ನಾನಲ್ಲ. ಮೂವತ್ತು ವರ್ಷ ಚಾಕು ಹಿಡಿದ ಮೇಲೆ ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕಲಿಯುವವರು ಬೆಳಿಗ್ಗೆ, ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ಮೊದಲೇ, ನನಗೆ ಇದು ಬರುವುದಿಲ್ಲ ಎಂದು ಹೆದರದೆ ಹೇಳುವಂತಿರಬೇಕು. ಚೈತ್ರಾ ಅದನ್ನು ಹೇಳಿದ್ದಳು, ಮೂರು ಸಲ. ನಾನು ಕೇಳಿಸಿಕೊಂಡಿರಲಿಲ್ಲ.